ಶುಕ್ರವಾರದ ಅತ್ತೆ

ಕೊಳೆತ ಟೊಮೇಟೊ ಅವಳ ಬೆನ್ನಿಗೆ ಬಂದು ಬಡಿಯಿತು. ತರಕಾರಿ ಅಂಗಡಿಯ ಮುಂದಿದ್ದ ಹೆಂಗಸರಲ್ಲಿ ಎಸೆದವಳು ಯಾರೋ ಗೊತ್ತಾಗಲಿಲ್ಲ. ಎಲ್ಲರ ಕಣ್ಣೂ ಕೆಂಡ ಕಾರುತ್ತಿದ್ದವು.

"ಆ ಬಡಪಾಯಿ ಸೊಸೇನ ಉಪವಾಸ ಕೆಡವಿದೆಯಲ್ಲೇ, ನಿನ್ನ ಕೈ ಸೇದಿಹೋಗ!" ಎಂದಳೊಬ್ಬಳು.

ಅವಳಿಗೆ ಮಕ್ಕಳೇ ಇರಲಿಲ್ಲ, ಸೊಸೆ ಎಲ್ಲಿಂದ ಬರಬೇಕು? ಅವಳು ನಟಿ. ಊರಿಗೆ ಟೀವಿ ಬಂದು ವರ್ಷವೂ ಆಗಿರಲಿಲ್ಲ. ಸೋಪಿನ ಕಂಪನಿಯೊಂದು ನಡೆಸುತ್ತಿದ್ದ ಶುಕ್ರವಾರದ ನಾಟಕದಲ್ಲಿ, ತಲೆಗೆ ಬಿಳಿ ಬಣ್ಣ ಬಳಿದುಕೊಂಡು, ಸೊಸೆಯನ್ನು ಹುರಿದು ಮುಕ್ಕುವ ಅತ್ತೆಯಾಗುತ್ತಿದ್ದಳು. ನಾಟಕ ನೇರಪ್ರಸಾರ. ಪರದೆಯ ಮೇಲೆ ಕಂಡದ್ದೆಲ್ಲ ನಿಜವೆಂದೇ ಜನ ನಂಬಿದ್ದ ಕಾಲ.

ಮನೆಯಲ್ಲೂ ಬಿಸಿ ಆರಿರಲಿಲ್ಲ. ಪಕ್ಕದ ಮನೆಯಲ್ಲಿ ನಾಟಕ ನೋಡಿ ಬಂದ ಗಂಡನ ತಾಯಿ ಮುಖ ತಿರುಗಿಸಿ ಕೂರುತ್ತಿದ್ದರು.

"ನಿನ್ನಿಂದ ನಾನು ನಾಲ್ಕು ಜನರ ಮುಂದೆ ತಲೆ ಎತ್ತೋ ಹಾಗಿಲ್ಲ."

ಅವಳು ನೇರ ನಿರ್ದೇಶಕನ ಹತ್ತಿರ ಹೋದಳು.

"ಈ ಪಾತ್ರಾನ ಸಾಯಿಸಿಬಿಡಿ ಸಾರ್. ಬೀದೀಲಿ ಓಡಾಡೋಕಾಗ್ತಿಲ್ಲ."

"ನಿಮ್ಮನ್ನ ಬಯ್ಯೋಕೇ ಜನ ಟೀವಿ ಹಾಕ್ತಾರೆ ಮೇಡಂ. ಸಾಯಿಸಿದ್ರೆ ಸೋಪು ಯಾರು ಕೊಳ್ತಾರೆ? ನಾನು ಬರೆದಿದ್ದಕ್ಕಿಂತ ನೀವು ನಡುವೆ ಸೇರಿಸ್ತೀರಲ್ಲ, ಆ ಮಾತುಗಳೇ ಜನರಿಗೆ ನಾಟೋದು."

"ಕ್ಯಾಮೆರಾ ದೀಪ ಹತ್ತಿದ್ರೆ ಬಾಯಿ ನನ್ನ ಹಿಡಿತದಲ್ಲಿರಲ್ಲ ಸಾರ್."

ಆ ಶುಕ್ರವಾರವೂ ಬಾಯಿ ಹಿಡಿತದಲ್ಲಿರಲಿಲ್ಲ. "ನಿಮ್ಮಪ್ಪ ನಿನ್ನ ಸಾಕಲಾರದೆ ನಮ್ಮನೆಗೆ ದಬ್ಬಿದ. ತುತ್ತು ಎತ್ತೋವಾಗೆಲ್ಲ ಅದು ನೆನಪಿರಲಿ," ಎಂದಳು. ಸೊಸೆಯ ಪಾತ್ರದ ಹುಡುಗಿ ನಿಜವಾಗಿಯೇ ಅತ್ತುಬಿಟ್ಟಳು.

ಪ್ರಸಾರ ಮುಗಿದು ಸ್ವಲ್ಪ ಹೊತ್ತಿಗೆ ಬೀದಿಯ ಹೆಂಗಸರ ದಂಡು ಸ್ಟುಡಿಯೋಗೇ ನುಗ್ಗಿತು. ಎಲ್ಲರಿಗಿಂತ ಮುಂದೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅವಳ ಅತ್ತೆ. ನಿರ್ದೇಶಕ ಕ್ಯಾಮೆರಾದ ಹಿಂದೆ ಸರಿದ. ಅವಳು ಏಟಿಗೆ ಕೆನ್ನೆ ಗಟ್ಟಿ ಮಾಡಿಕೊಂಡಳು.

ಅತ್ತೆ ಅವಳನ್ನು ಪಕ್ಕಕ್ಕೆ ತಳ್ಳಿ ಮುಂದೆ ಹೋದರು. ಆ ಹುಡುಗಿಯನ್ನು ತಬ್ಬಿಕೊಂಡು ಗೊಳೋ ಎಂದು ಅತ್ತರು.

"ಇಂಥ ಅತ್ತೆ ಶತ್ರುವಿಗೂ ಬೇಡ ಕಣೇ ಮಗಳೇ! ಅದೆಲ್ಲಿಂದ ಬರುತ್ತೋ ಇವಳಿಗೆ ಇಂಥ ವಿಷದ ಮಾತು!"

ನಿರ್ದೇಶಕ ಬೆವರು ಒರೆಸಿಕೊಂಡು ನಟಿಯ ಕಿವಿಯಲ್ಲಿ ಕೇಳಿದ: "ನನಗಾದ್ರೂ ನಿಜ ಹೇಳಿ. ಯಾರು ಬರ್ಕೊಡ್ತಾರೆ ನಿಮಗೆ?"

ಅವಳು ಅತ್ತೆಯ ಮೇಲಿನ ಕಣ್ಣು ಕೀಳಲಿಲ್ಲ.

"ಬರ್ಕೊಡಲ್ಲ ಸಾರ್. ಮದುವೆಯಾದಾಗಿಂದ ದಿನಾ ಅವರು ನನಗೆ ಅಂದಿದ್ದನ್ನೇ ಇಲ್ಲಿ ಬಂದು ಅಂತೀನಿ."