ಜೊಂಡು ಕೊಯ್ದ ಗರಗಸ

ನೆಲಿದಾ ತನ್ನ ಗುಡಿಸಲಿಗೂ ಅಣ್ಣನ ಗುಡಿಸಲಿಗೂ ನಡುವೆ, ಜೊಂಡಿನ ತೇಲುದ್ವೀಪದ ಅಂಚಿನಿಂದಲೇ, ಆಳೆತ್ತರದ ಗರಗಸವನ್ನು ಇಳಿಸಿದಳು. ಮೇಲೆ ಹಾಸಿದ್ದ ಒಣ ತೊತೋರ ಜೊಂಡು ಚರಚರನೆ ಸೀಳಿಹೋಯಿತು. ಅದರಡಿಯ ಕೊಳೆತ ಪದರ ಸದ್ದಿಲ್ಲದೆ ದಾರಿ ಬಿಟ್ಟಿತು. ಆಮೇಲೆ ಹಲ್ಲು ಬೇರಿಗೆ ಸಿಕ್ಕಿಕೊಂಡಿತು.

“ಏನೇ ಮಾಡ್ತಿದೀಯ?” ದ್ವೀಪದ ಅಧ್ಯಕ್ಷನಾದ ಅಣ್ಣ ನಿಕನೋರ್ ಟೋಪಿಯನ್ನೂ ಹಾಕಿಕೊಳ್ಳದೆ ಓಡಿಬಂದ.

“ಕಣ್ಣು ಕಾಣ್ಸಲ್ವಾ? ಪಾಲು ಮಾಡ್ತಿದೀನಿ.”

“ಒಂದು ಹಾಡಿಗೋಸ್ಕರ?”

“ಒಂದಾ? ಪ್ರವಾಸಿಗರ ದೋಣಿ ಬಂದಾಗ ಒಂದು, ಹೊರಟಾಗ ಒಂದು. ಅತ್ತಿಗೆ ಪುನೋ ಸಂತೆಗೆ ಹೋದ್ರೆ ಅವಳ ಪಾಲಿಂದೂ ನಾನೇ. ಜೊಂಡು ಕೊಯ್ಯೋದು ಹೇಳು, ಕೊಯ್ತೀನಿ. ಬಲೆ ಬೀಸು ಅನ್ನು, ಬೀಸ್ತೀನಿ. ಲಂಗ ಹಾರಿಸ್ಕೊಂಡು ಗಿಳಿ ಥರ ಉಲಿಯೋದು ನನ್ನ ಕೈಲಾಗಲ್ಲ. ಹಾಡದವರಿಗೆ ಈ ದ್ವೀಪದಲ್ಲಿ ಜಾಗ ಇಲ್ಲ ಅಂತ ನಿನ್ನೆ ಅಂದ್ಯಲ್ಲ ಅಧ್ಯಕ್ಷಾ? ಜಾಗ ತಗೊಂಡೇ ಹೋಗ್ತೀನಿ.”

ತೀತಿಕಾಕ ಸರೋವರದಲ್ಲಿ ಮುಗಿಯದ ಜಗಳಕ್ಕೆ ಗರಗಸವೇ ಕೊನೆಯ ಪಂಚಾಯಿತಿ. ಸಿಟ್ಟು ಬಂದಾಗ ಎಲ್ಲರೂ ಅದರ ಹೆಸರು ಎತ್ತುತ್ತಾರೆ, ಸೂರಿನಿಂದ ಕೆಳಗಿಳಿಸುವವರು ಕಡಿಮೆ. ನೆಲಿದಾ ಬೆಳಿಗ್ಗೆ ಎದ್ದವಳೇ ತನ್ನ ಕಡೆಯ ಲಂಗರಿನ ಗೂಟವನ್ನೂ ಕಿತ್ತಿಟ್ಟಿದ್ದಳು.

ಆದರೆ ಲೆಕ್ಕ ತಪ್ಪಿತ್ತು. ಮಳೆಗಾಲದಲ್ಲಿ ನೀರೇರಿ ಜೊಂಡಿನ ಬೇರುಗಡ್ಡೆಗಳು ತಳ ಬಿಟ್ಟು ಮೇಲೆದ್ದಾಗ ಅಪ್ಪ ಅವನ್ನು ತುಂಡು ಮಾಡಿ, ಎಳೆತಂದು, ಗೂಟ ಹೊಡೆದು, ಹಗ್ಗದಿಂದ ಬಿಗಿದು ಈ ದ್ವೀಪ ಕಟ್ಟಿದ್ದ. ಎರಡು ಗಡ್ಡೆ ಕೂಡಿಸಿದ ಬೆಸುಗೆಯೇ ಮೆತ್ತಗಿರುತ್ತದೆ ಎಂದುಕೊಂಡು ಅವಳು ಅಲ್ಲಿಗೇ ಗರಗಸ ಇಟ್ಟಿದ್ದಳು. ಹಗ್ಗ ಯಾವತ್ತೋ ಕೊಳೆತುಹೋಗಿತ್ತು. ಈ ಗಡ್ಡೆ ಆ ಗಡ್ಡೆಯೊಳಕ್ಕೆ, ಆ ಗಡ್ಡೆ ಈ ಗಡ್ಡೆಯೊಳಕ್ಕೆ ಬೇರು ಬಿಟ್ಟು ತಮ್ಮನ್ನು ತಾವೇ ಹೊಲಿದುಕೊಂಡಿದ್ದವು. ಇಡೀ ದ್ವೀಪದಲ್ಲಿ ಅದೇ ಎಲ್ಲಕ್ಕಿಂತ ಗಟ್ಟಿ ಜಾಗ. ಅಂಗೈ ಬೊಕ್ಕೆಯೆದ್ದಿತು. ಗರಗಸದ ಹಲ್ಲಿಗೆ ಬಿಳೀ ಎಳೆಬೇರು ಸುತ್ತಿಕೊಂಡು ಬಂತು.

ಅಮ್ಮ ಅಸುಂತಾ ಒಲೆಯ ಮುಂದೆ ಕೂತು, ಜೊಂಡಿನ ಬಿಳೀ ಬುಡವನ್ನು ಬಾಳೆಹಣ್ಣಿನ ಹಾಗೆ ಸುಲಿದು ತಿನ್ನುತ್ತಿದ್ದಳು.

ಅಷ್ಟರಲ್ಲಿ ದೋಣಿಯ ಸಿಳ್ಳೆ ಕೇಳಿಸಿತು. ನಿಕನೋರ್ ಟೋಪಿ ಹಾಕಿಕೊಂಡ, ಮುಖಕ್ಕೆ ನಗು ಹಚ್ಚಿಕೊಂಡ. ಕ್ಯಾಮೆರಾ ಹಿಡಿದವರು ಒಬ್ಬೊಬ್ಬರಾಗಿ ಅವನ ಬದಿಯಲ್ಲಿ ಇಳಿದು, ಕಾಲ ಕೆಳಗಿನ ನೆಲ ಒದ್ದೆ ಹಾಸಿಗೆಯಂತೆ ಕುಸಿಯುವುದಕ್ಕೆ ಕಿಲಕಿಲ ನಕ್ಕರು. ಗರಗಸ ಕಂಡು ನಿಂತರು.

“ಇದು ನಮ್ಮ ಹಿರಿಯರ ಸಂಪ್ರದಾಯ,” ಎಂದ ನಿಕನೋರ್ ಸ್ಪ್ಯಾನಿಷ್‌ನಲ್ಲಿ, ಕೈ ಅಗಲಿಸಿ. “ದ್ವೀಪವನ್ನು ಹೇಗೆ ಕೊಯ್ಯುತ್ತೇವೆಂದು ನನ್ನ ತಂಗಿ ನಿಮಗಾಗಿ ಮಾಡಿ ತೋರಿಸುತ್ತಿದ್ದಾಳೆ.”

ಚಪ್ಪಾಳೆ ಬಿತ್ತು. ಅವನು ಅವಳ ಕಡೆ ಬಗ್ಗಿ ತಮ್ಮ ಐಮಾರ ನುಡಿಯಲ್ಲಿ ಪಿಸುಗುಟ್ಟಿದ: “ನಗೇ, ನಗು. ಫೋಟೋ ತೆಗೀತಿದಾರೆ. ಕೊನೆಗೂ ಆಟಕ್ಕೆ ಇಳಿದೆಯಲ್ಲ, ಮಹಾರಾಣಿ!”

ನೆಲಿದಾಳ ಕೈ ನಿಂತಿತು. ಕೊಯ್ದರೆ ಅವನ ಆಟ, ಬಿಟ್ಟರೆ ಅವನ ಗೆಲುವು.

ಆಗ ಮೂಗಿನ ತುದಿ ಬಿಸಿಲಿಗೆ ಸುಲಿದುಹೋಗಿದ್ದ ದಾಂಡಿಗನೊಬ್ಬ ಮುಂದೆ ಬಂದು, ನಾನೂ ಒಂದು ಕೈ ನೋಡಲೇ ಎಂದು ಸನ್ನೆ ಮಾಡಿದ. ನೆಲಿದಾ ಅವನ ಭುಜ ನೋಡಿದಳು. ಅಣ್ಣನ ಮುಖ ನೋಡಿದಳು. ದಾಂಡಿಗನನ್ನು ಸೀಳಿನ ಆಚೆ, ಅಣ್ಣನ ಬದಿಯಲ್ಲೇ ನಿಲ್ಲಿಸಿ ಗರಗಸದ ಹಿಡಿಯನ್ನು ಅವನ ಕೈಗಿತ್ತಳು.

“ಎಳಿಯಪ್ಪಾ ದೊರೆ, ಎಳಿ!”

ಅವನು ಎಳೆದ. ದ್ವೀಪ ನಡುಗಿತು.

“ಸಾಕು, ಸಾಕು. ಇಷ್ಟೇ ತೋರಿಸುವುದು,” ಎಂದ ನಿಕನೋರ್, ನಗು ಬಿಡದೆ.

“ಯಾಕಣ್ಣಾ? ಸಂಪ್ರದಾಯ ಅಂದ್ಯಲ್ಲ. ಅರ್ಧಕ್ಕೆ ಬಿಡ್ತಾರಾ?” ನೆಲಿದಾ ಅಂಚಿಗೆ ಬೋರಲು ಮಲಗಿ, ಕೈ ನೀರೊಳಗಿಟ್ಟು, ಗರಗಸಕ್ಕೆ ಸಿಗದೆ ಉಳಿದ ಬೇರುಗಳನ್ನು ಚಾಕುವಿನಿಂದ ಕತ್ತರಿಸತೊಡಗಿದಳು.

ಅಮ್ಮ ಎದ್ದಳು. ಮಣ್ಣಿನ ಒಲೆಯನ್ನು ಕೆಂಡದ ಸಮೇತ ಎತ್ತಿಕೊಂಡು ಮಗಳ ಕಡೆಗೆ ದಾಟಿ ಕೂತಳು. “ಹೂಂ, ಈಗ ಬೇಗ ಮುಗಿಸ್ರೋ, ತಿಂಡಿ ಹೊತ್ತಾಯ್ತು,” ಎಂದಳು.

ಹಸಿ ಬಟ್ಟೆ ಹರಿದಂತೆ ಸದ್ದಾಯಿತು. ಬೇರಿನಡಿ ಸೇರಿಕೊಂಡಿದ್ದ ಗಾಳಿಯೆಲ್ಲ ಕಂದು ಗುಳ್ಳೆಗಳಾಗಿ ಬುಳುಬುಳನೆ ಮೇಲೆದ್ದಿತು. ಕ್ಯಾಮೆರಾದವರು ಓಹೋ ಎಂದರು. ನಿಕನೋರ್ ಒಂದು ಕಾಲು ಆಚೆ, ಒಂದು ಕಾಲು ಈಚೆ ಇಟ್ಟು, ಹಲ್ಲು ಕಿರಿದುಕೊಂಡೇ ದ್ವೀಪವನ್ನು ತೊಡೆಯಲ್ಲಿ ಹಿಡಿದಿಡಲು ನೋಡಿದ. ನಡುವಿನ ನೀರು ಗೇಣಾಯಿತು, ಮೊಳವಾಯಿತು. ಕೊನೆಗೆ ಕಾಲು ಎಳೆದುಕೊಂಡ. ಒಂದು ಚಪ್ಪಲಿ ನೆಲಿದಾಳ ಕಡೆಯೇ ಉಳಿಯಿತು.

ಬೆಳಗಿನ ಗಾಳಿ ನೆಲಿದಾಳ ಪಾಲನ್ನು ಹಸಿರು ಜೊಂಡುಗಾಡಿನ ಕಡೆ ನೂಕತೊಡಗಿತು.

“ಹಗ್ಗ ಎಸಿಯೇ! ಎಲ್ಲಿಗೆ ಹೋಗ್ತೀಯೇ?”

“ಬೇರು ಬಿಡೋ ಕಡೆ!”

ಬಂದವರೆಲ್ಲ ಅವಳತ್ತ ಕೈ ಬೀಸಿದರು. ದಾಂಡಿಗ ಗರಗಸವನ್ನೇ ಬೀಸಿದ. ಆಮೇಲೆ ಇನ್ನೇನೋ ಆಗಬೇಕಿದೆ ಎಂಬಂತೆ ಕ್ಯಾಮೆರಾಗಳು ಒಂದೊಂದಾಗಿ, ಒಂಟಿ ಚಪ್ಪಲಿಯಲ್ಲಿ ನಿಂತಿದ್ದ ನಿಕನೋರ್ ಕಡೆಗೆ ತಿರುಗಿದವು.

ನೆಲಿದಾ ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಕೂಗಿದಳು:

“ಹೊರಟವರಿಗೆ ಹಾಡಬೇಕಲ್ಲಾ ಅಧ್ಯಕ್ಷಾ? ಹಾಡು!”