ಕೆಳಗಿನ ಡ್ರಾಯರ್

ಗಂಡ ಸರ್ಕಾರಿ ಕೆಲಸದಲ್ಲಿದ್ದಾಗಲೇ ತೀರಿಕೊಂಡ. ಅನುಕಂಪದ ನೌಕರಿಗೆ ಅರ್ಜಿ ಹಾಕಿದ ಅವಳು ಎಂಟು ತಿಂಗಳಿಂದ ಅವನ ಕಚೇರಿಗೆ ಅಲೆಯುತ್ತಿದ್ದಳು.

"ಇಷ್ಟು ದಿನ ಈ ಸೀಟು ಖಾಲಿ ಇತ್ತಮ್ಮ. ಬಂದ ಅರ್ಜೀನೆಲ್ಲ ಇದರೊಳಗೇ ತುರುಕಿದ್ದಾರೆ" ಎನ್ನುತ್ತ ಹೊಸ ಗುಮಾಸ್ತ ಕೆಳಗಿನ ಡ್ರಾಯರ್ ಎಳೆದ.

ಇಲಿ ಹಿಕ್ಕೆಯ ನಾತ ಮೂಗಿಗೆ ಬಡಿಯಿತು. ಅವಳ ಅರ್ಜಿ ಮೇಲೆಯೇ ಇತ್ತು. ಅದರಡಿ ಇನ್ನೂ ಮೂವತ್ತು ಅರ್ಜಿಗಳಿದ್ದವು, ಎಲ್ಲವೂ ವಿಧವೆಯರವು. ತೀರ ಅಡಿಯದ್ದು ಆರು ವರ್ಷ ಹಳೆಯದು.

ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಥೂ! ಇವನ್ನ ಕೊಳೆಯೋಕೆ ಬಿಟ್ಟು ಇಲ್ಲಿ ಕೂತಿದ್ದೋನು ಅನ್ನ ತಿಂತಿದ್ನೋ, ಹೇಲು ತಿಂತಿದ್ನೋ? ಅವನ ಹೆಂಡತಿಗೂ ಹೀಗೇ ಅಲೆಯೋ ಗತಿ ಬರಲಿ!"

ಗುಮಾಸ್ತ ಡ್ರಾಯರನ್ನು ಮೆಲ್ಲಗೆ ಮುಚ್ಚಿದ.

"ಈ ಸೀಟಲ್ಲಿ ಮುಂಚೆ ಇದ್ದಿದ್ದು ನಿಮ್ಮ ಯಜಮಾನ್ರೇ, ಅಮ್ಮ."