ಬೀದಿಯ ಸಾಕ್ಷಿ

ಬಾಗಿಲು ತೆಗೆದರೆ ಎದುರಿಗೆ ಎಸ್‌ಐ ನಿಂತಿದ್ದರು. ಅವರ ಹಿಂದೆ ಇಬ್ಬರು ಅಪರಿಚಿತರು.

"ನಿಮ್ಮ ಕಂಪ್ಯೂಟರ್ ಸ್ಟೇಷನ್ನಿಗೆ ತಗೊಂಡು ಹೋಗ್ಬೇಕಮ್ಮ. ಒಂಟಿ ಹೆಂಗಸಿನ ಮನೇಲಿ ದಿನಾ ಗಂಡಸಿನ ದನಿ ಕೇಳಿಸುತ್ತೆ, ಏನೋ ದಂಧೆ ನಡೀತಿದೆ ಅಂತ ದೂರು ಬಂದಿದೆ."

"ಅದು ತೀರಿಹೋದ ನನ್ನ ಗಂಡನ ದನಿ ಸಾರ್, ಕಂಪ್ಯೂಟರಲ್ಲಿರೋ ರೆಕಾರ್ಡಿಂಗು. ಅದನ್ನೂ ಹೊತ್ಕೊಂಡು ಹೋದ್ರೆ ಈ ಮನೇಲಿ ಮಾತು ಅನ್ನೋದೇ ಇರಲ್ಲ."

"ಇರಬಹುದು. ನಾವು ತೆಗೆದು ನೋಡ್ಬೇಕಲ್ಲ. ವಾರಂಟ್ ಇದೆ."

ಅವಳು ಬಾಗಿಲಿಗೆ ಕೈ ಅಡ್ಡ ಇಟ್ಟಳು. "ಇವರ್ಯಾರು?"

"ಜಪ್ತಿಗೆ ಸಾಕ್ಷಿಗಳು. ಬಸ್‌ಸ್ಟ್ಯಾಂಡ್ ಹತ್ರ ಅಂಗಡಿ ಇಟ್ಟಿದ್ದಾರೆ."

"ಕಾನೂನು ನನಗೂ ಗೊತ್ತು. ಸಾಕ್ಷಿಗೆ ಇದೇ ಬೀದಿಯ ಇಬ್ಬರು ಮರ್ಯಾದಸ್ಥರು ಬೇಕು. ಎಲ್ಲಿಂದಲೋ ಹಿಡ್ಕೊಂಡು ಬಂದ್ರೆ ಒಳಗೆ ಕಾಲಿಡೋಕೆ ಬಿಡಲ್ಲ. ಹದಿನಾಲ್ಕು ವರ್ಷದಿಂದ ಇಲ್ಲಿದ್ದೀನಿ. ಎದುರುಮನೆ ಅಕ್ಕನ್ನ ಕರೀರಿ. ನಾನು ಎಂಥೋಳು ಅಂತ ಅವರೇ ಹೇಳ್ತಾರೆ."

ಎಸ್‌ಐ ಎದುರುಮನೆಯ ಮುಚ್ಚಿದ ಬಾಗಿಲನ್ನೊಮ್ಮೆ ನೋಡಿ ದನಿ ತಗ್ಗಿಸಿದರು.

"ದೂರು ಕೊಟ್ಟೋರನ್ನೇ ಸಾಕ್ಷಿ ಮಾಡೋಕಾಗಲ್ಲಮ್ಮ. ಈ ಬೀದೀಲಿ ದೂರಿಗೆ ಸಹಿ ಹಾಕದೆ ಉಳಿದೋರು ನೀವೊಬ್ಬರೇ."